ಗ್ಯಾಸ್ ಎಲ್ಲಿಗೆ ಹೋಯಿತು? ಹಳೇ ಪೋರ್ಷೆ 911ರ ಎಸಿಯನ್ನು ಮತ್ತೆ ಬದುಕಿಸುವ ಬಗ್ಗೆ

(ಅರಿಜೋನಾದ ಫೀನಿಕ್ಸ್‌ನಲ್ಲಿ ಕನ್ನಡದ ಗೆಳೆಯರು ಸೇರಿದ್ದಾಗ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಾರಿನ ಎಸಿ ತಣ್ಣಗೆ ಬರದಿದ್ದರೆ ನಮ್ಮ ಬಾಯಿಂದ ಮೊದಲು ಹೊರಡುವ ಮಾತು ನಿಮಗೆಲ್ಲ ಗೊತ್ತು: "ಗ್ಯಾಸ್ ಖಾಲಿಯಾಗಿರಬೇಕು, ಹಾಕಿಸಿಬಿಡಿ." ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಇದೇ ಮಾತು, ಇಲ್ಲಿನ ಬಿಡಿಭಾಗದ ಅಂಗಡಿಯಲ್ಲೂ ಇದೇ ಮಾತು. ಪೆಟ್ರೋಲ್ ಖರ್ಚಾಗುತ್ತದೆ, ಬ್ರೇಕ್ ಪ್ಯಾಡ್ ಸವೆಯುತ್ತದೆ, ಎಂಜಿನ್ ಆಯಿಲನ್ನೂ ಗಾಡಿ ಅಷ್ಟಿಷ್ಟು ಕುಡಿಯುತ್ತದೆ. ಎಸಿಯ ಗ್ಯಾಸ್ ಹಾಗೆ ಖರ್ಚಾಗುವ ಸಾಮಾನಲ್ಲ. ಅದು ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲಿಂದಲೋ ಹೊರಗೆ ಹೋಗಿದೆ ಎಂದೇ ಅರ್ಥ. ಹೋದ ದಾರಿ ಹುಡುಕದೆ ಮತ್ತೆ ತುಂಬಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ನನ್ನ ಇವತ್ತಿನ ಮಾತಿನ ಮೂಲ ತಕರಾರು ಇಷ್ಟೇ. ಹಳೇ ಕಾರಿನ ಎಸಿ ಸರಿ ಮಾಡುವಾಗ ಗ್ಯಾಸ್ ತುಂಬುವುದು ಕಟ್ಟಕಡೆಯ ಕೆಲಸ. ಜನ ಅದನ್ನೇ ಮೊದಲು ಮಾಡುತ್ತಾರೆ.

ಉದಾಹರಣೆಗೆ ನಾನು ತೆಗೆದುಕೊಳ್ಳುವ ಕಾರು ಪೋರ್ಷೆ 911, ಅದರಲ್ಲೂ 1984ರಿಂದ 1989ರವರೆಗೆ ಬಂದ 3.2 ಲೀಟರ್ ಕರೇರಾ. ನನ್ನ ಗ್ಯಾರೇಜಿನಲ್ಲಿ ಇಂಥದೊಂದು ಇದೆ, ಗೆಳೆಯರ ಕೆಲವು ಗಾಡಿಗಳಿಗೂ ಕೈ ಹಾಕಿದ್ದೇನೆ. ಈ ಕಾರಿನ ಮಾಲೀಕರು ನಾಲ್ಕು ಜನ ಸೇರಿದರೆ ಎಸಿಯ ವಿಷಯ ನಗೆಚಾಟಿಕೆ ಆಗಿಬಿಡುತ್ತದೆ. "ಇದೆ, ಆದರೆ ಇಲ್ಲ" ಎಂದು ಒಬ್ಬರು, "ಕಿಟಕಿ ಇಳಿಸುವುದೇ ಇದರ ಎಸಿ" ಎಂದು ಇನ್ನೊಬ್ಬರು. ಎಷ್ಟೋ ಜನ ಭಾರ ಇಳಿಯಲಿ ಎಂದು ಕಂಪ್ರೆಸರ್, ಬ್ರಾಕೆಟ್, ಪೈಪು ಎಲ್ಲವನ್ನೂ ಬಿಚ್ಚಿ ಮೂಲೆಗೆ ಎಸೆದಿದ್ದಾರೆ. ಈಗ ಆ ಬ್ರಾಕೆಟ್ ಹುಡುಕಿಕೊಂಡು ಅಲೆಯುವವರೂ ಅವರೇ. ಜೂನ್ 30ರಿಂದ ಜುಲೈ 30ರವರೆಗೆ, 2023ರಲ್ಲಿ, ನಮ್ಮ ಈ ಊರಿನಲ್ಲಿ ಸತತ 31 ದಿನ ಬಿಸಿಲು 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಸೆಲ್ಸಿಯಸ್, ಮುಟ್ಟಿತ್ತು ಅಥವಾ ದಾಟಿತ್ತು. ಇಂಥ ಊರಿನಲ್ಲಿ ಕಿಟಕಿ ಇಳಿಸಿದರೆ ಒಳಗೆ ಬರುವುದು ಒಲೆಯ ಉಸಿರು.

ಕಾರಿನ ಅಂಗರಚನೆ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅರ್ಧ ತೊಂದರೆ ಇರುವುದೇ ಅಲ್ಲಿ. 911ರಲ್ಲಿ ಡಿಕ್ಕಿ ಮುಂದೆ, ಎಂಜಿನ್ ಹಿಂದೆ. ಆ ಎಂಜಿನ್ನಿಗೆ ರೇಡಿಯೇಟರ್ ಇಲ್ಲ. ದೊಡ್ಡದೊಂದು ಫ್ಯಾನ್ ಗಾಳಿ ಊದುತ್ತದೆ, ಜೊತೆಗೆ ಆಯಿಲ್ ಕೂಲರ್ ಇದೆ. ಗ್ಯಾಸನ್ನು ಹಿಂಡಿ ಮುಂದೆ ತಳ್ಳುವ ಕಂಪ್ರೆಸರ್ ಎಂಜಿನ್ ಜೊತೆಗೆ ಹಿಂದಿದೆ. ಒಳಗೆ ತಂಪು ಕೊಡುವ ಕೂಲಿಂಗ್ ಕಾಯಿಲ್ ಮುಂದಿನ ಡಿಕ್ಕಿಯ ಹಿಂಭಾಗದ ಗುಂಡಿಯಲ್ಲಿದೆ. ಬಿಸಿ ಹೊರಹಾಕುವ ಕಂಡೆನ್ಸರ್ ಎರಡಿವೆ. ಒಂದು ಎಂಜಿನ್ ಮುಚ್ಚಳದ ಜಾಲರಿಯ ಕೆಳಗೆ, ಇನ್ನೊಂದು ಕಾರಿನ ಮೂತಿಯ ಅಡಿಯಲ್ಲಿ. ಕಂಪ್ರೆಸರಿನಿಂದ ಹೊರಟ ಬಿಸಿ ಗ್ಯಾಸ್ ಮೊದಲು ಎಂಜಿನ್ ಮುಚ್ಚಳಕ್ಕೆ ಹೋಗಿ, ಅಲ್ಲಿಂದ ಕಾರಿನ ಹೊಟ್ಟೆಯಡಿ ಓಡಿ ಮೂತಿಗೆ ಬಂದು, ತೇವ ಹೀರುವ ಡ್ರೈಯರ್ ಹಾಯ್ದು, ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ರಂಧ್ರದಲ್ಲಿ ನುಸುಳಿ, ಕೂಲಿಂಗ್ ಕಾಯಿಲಿನಲ್ಲಿ ಕುದಿದು ಆವಿಯಾಗಿ, ಮತ್ತೆ ಹೊಟ್ಟೆಯಡಿ ಅಷ್ಟೂ ದೂರ ಹಿಂದಕ್ಕೆ ಬರಬೇಕು. ಸಾಮಾನ್ಯ ಕಾರಿನಲ್ಲಿ ಈ ಇಡೀ ಸಂಸಾರ ಒಂದೇ ಬಾನೆಟ್ಟಿನಡಿ ಮುಗಿಯುತ್ತದೆ.

ಹೀಗೇಕೆ ಮಾಡಿದರು ಅಂತ ಬೈಯುವುದು ಸುಲಭ. 1960ರ ದಶಕದಲ್ಲಿ ಸ್ಟುಟ್‌ಗಾರ್ಟಿನಲ್ಲಿ ಈ ಕಾರಿನ ನಕ್ಷೆ ಬರೆದವರು ಎಸಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಲ್ಲ. ಟೆಕ್ಸಾಸ್, ಫ್ಲಾರಿಡಾ, ಅರಿಜೋನಾದ ಗಿರಾಕಿ ಕೇಳಿದ ಮೇಲೆ ಇದ್ದಬದ್ದ ಸಂದಿಯಲ್ಲಿ ಒಂದೊಂದೇ ಭಾಗ ತೂರಿಸಿದರು. ಆ ಕಷ್ಟಕ್ಕೆ ಹೋಲಿಸಿದರೆ ಕೆಲಸ ಅಚ್ಚುಕಟ್ಟಾಗಿಯೇ ಇದೆ ಅನ್ನುವುದು ನನ್ನ ಅಭಿಪ್ರಾಯ. ಕಾರಿನ ಎಸಿಯ ಚರಿತ್ರೆಯಲ್ಲಿ ಇದಕ್ಕಿಂತ ವಿಚಿತ್ರಗಳಿವೆ. 1940ರ ಮಾದರಿಯ ಪ್ಯಾಕರ್ಡ್ ಕಾರುಗಳಲ್ಲಿ ಬಂದ ಎಸಿಗೆ, ಕಂಪ್ರೆಸರನ್ನು ಎಂಜಿನ್ನಿಗೆ ಜೋಡಿಸುವ, ಬಿಡಿಸುವ ಕ್ಲಚ್ಚೇ ಇರಲಿಲ್ಲ. ಬೇಡವೆಂದರೆ ಎಂಜಿನ್ ನಿಲ್ಲಿಸಿ, ಬಾನೆಟ್ ತೆರೆದು, ಬೆಲ್ಟ್ ಬಿಚ್ಚಿಡಬೇಕಿತ್ತು. ಡಿಕ್ಕಿಯ ಅರ್ಧದಷ್ಟು ಜಾಗ ಅದರ ಪೆಟ್ಟಿಗೆಗೇ ಹೋಗುತ್ತಿತ್ತು.

ಇನ್ನು ಎಸಿ ಹೇಗೆ ಕೆಲಸ ಮಾಡುತ್ತದೆ ಎಂಬುದು. ನಮ್ಮ ಮನೆಗಳ ಮಣ್ಣಿನ ಹೂಜಿ ನೆನೆಸಿಕೊಳ್ಳಿ. ನೀರು ಹೂಜಿಯ ಮೈಯಿಂದ ಜಿನುಗಿ ಆವಿಯಾಗುವಾಗ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಕಾರಿನ ಕೂಲಿಂಗ್ ಕಾಯಿಲಿನಲ್ಲಿ ಆಗುವುದೂ ಅದೇ. ನೀರಿನ ಬದಲು ಅಲ್ಲಿ ಸೊನ್ನೆಗಿಂತ ಬಹಳ ಕೆಳಗೇ ಕುದಿಯುವ ದ್ರವ ಇದೆ, ನಾವು ಗ್ಯಾಸ್ ಅನ್ನುವುದು ಇದನ್ನೇ. ಹಳೆಯ ಆರ್-12 ಬಯಲಿನಲ್ಲಿಟ್ಟರೆ ಮೈನಸ್ 30 ಡಿಗ್ರಿ ಸೆಲ್ಸಿಯಸ್ ಹತ್ತಿರ ಕುದಿಯುತ್ತದೆ, ಅದರ ಬದಲಿಗೆ ಬಂದ ಆರ್-134ಎ ಮೈನಸ್ 26ರಲ್ಲಿ. ಹೂಜಿಯಿಂದ ಹೋದ ನೀರು ಹೋದಂತೆಯೇ, ನಾವು ಮತ್ತೆ ತುಂಬುತ್ತೇವೆ. ಕಾರಿನಲ್ಲಿ ಮಾತ್ರ ಆ ಆವಿಯನ್ನು ಹಿಡಿದು, ಹಿಂಡಿ, ಹೊತ್ತು ತಂದ ಬಿಸಿಯನ್ನೆಲ್ಲ ಹೊರಗಿನ ಗಾಳಿಗೆ ಇಳಿಸಿ, ಮತ್ತೆ ದ್ರವ ಮಾಡಬೇಕು. ಆ ಇಳಿಸುವ ಜಾಗ ಕಂಡೆನ್ಸರ್. ಒಳಗಿನ ಬಿಸಿಯ ಜೊತೆಗೆ ಕಂಪ್ರೆಸರ್ ತಿರುಗಿಸಲು ಹಾಕಿದ ಶಕ್ತಿಯೂ ಬಿಸಿಯಾಗಿ ಅಲ್ಲೇ ಇಳಿಯಬೇಕು. ಹಾಗಾಗಿ ಕಂಡೆನ್ಸರಿಗೆ ಯಾವಾಗಲೂ ಕೂಲಿಂಗ್ ಕಾಯಿಲಿಗಿಂತ ಹೆಚ್ಚು ಕೆಲಸ. ಇದನ್ನು ನೆನಪಿಡಿ, ಮತ್ತೆ ಇದಕ್ಕೇ ಬರುತ್ತೇನೆ.

ಈಗ ಮೊದಲ ಪ್ರಶ್ನೆ, ಗ್ಯಾಸ್ ಎಲ್ಲಿಗೆ ಹೋಯಿತು?

ಈ ಕಾರಿನಲ್ಲಿ ಬಹುಪಾಲು ಉತ್ತರ ಹೋಸ್ ಪೈಪುಗಳಲ್ಲಿದೆ. ಕಾರಿನ ಉದ್ದ 4.29 ಮೀಟರ್. ಹೆಚ್ಚುಕಡಿಮೆ ಅಷ್ಟೇ ಉದ್ದದ ಎರಡು ಹೋಸುಗಳು ಹಿಂದಿನಿಂದ ಮುಂದಕ್ಕೆ ಓಡುತ್ತವೆ, ಅವುಗಳ ಜೊತೆಗೆ ಚಿಕ್ಕವೂ ಇವೆ. ಆ ಕಾಲದ ಹೋಸು ಬರೀ ರಬ್ಬರ್, ನಡುವೆ ಹೆಣೆದ ದಾರ. ಈಗಿನ ಬ್ಯಾರಿಯರ್ ಹೋಸುಗಳಲ್ಲಿ ಇರುವಂತೆ ಒಳಗೆ ನೈಲಾನಿನ ಪದರ ಇಲ್ಲ. ರಬ್ಬರಿನ ಮೈಯಿಂದ ಗ್ಯಾಸ್ ನಿಧಾನವಾಗಿ ಬೆವರಿನಂತೆ ಹೊರಬೀಳುತ್ತದೆ. ಎಲ್ಲೂ ತೂತಿಲ್ಲ, ಸೋಪಿನ ನೀರು ಹಚ್ಚಿದರೆ ಒಂದು ಗುಳ್ಳೆ ಏಳುವುದಿಲ್ಲ, ಆದರೂ ಎರಡು ಬೇಸಿಗೆ ಕಳೆಯುವುದರಲ್ಲಿ ತಂಪು ಇಳಿದಿರುತ್ತದೆ. ಹೊಸ ಕಾರಾಗಿದ್ದಾಗಲೂ ಹೀಗೆಯೇ ಇತ್ತು. ಆರ್-12 ಆಗ ಅಗ್ಗ, ವರ್ಷಕ್ಕೊಮ್ಮೆ ತುಂಬಿಸಿದರೆ ಯಾರೂ ಲೆಕ್ಕ ಕೇಳುತ್ತಿರಲಿಲ್ಲ.

ಇವತ್ತು ನಿಮ್ಮ ಕೈಗೆ ಬರುವ ಹೋಸಿಗೆ ಮೂವತ್ತೈದು ನಲವತ್ತು ವರ್ಷ ವಯಸ್ಸು. ಎಂಜಿನ್ ಮುಚ್ಚಳದ ಹತ್ತಿರದ ತಿರುವನ್ನು ಕೈಯಲ್ಲಿ ಹಿಡಿದು ನೋಡಿ. ಮುಚ್ಚಳ ತೆರೆದಾಗಲೆಲ್ಲ ಆ ಕಂಡೆನ್ಸರೂ ಮೇಲೇಳುತ್ತದೆ, ಅದರ ಜೊತೆ ಹೋಸು ಬಾಗುತ್ತದೆ. ಅಷ್ಟು ವರ್ಷ ಬಾಗಿ ಬಾಗಿ, ಕೆಳಗಿನ ಎಂಜಿನ್ನಿನ ಕಾವಿಗೆ ಬೆಂದು, ರಬ್ಬರ್ ಹಪ್ಪಳದಂತೆ ಗಟ್ಟಿಯಾಗಿರುತ್ತದೆ. ಫಿಟ್ಟಿಂಗ್ ಕಚ್ಚಿರುವ ಜಾಗದಲ್ಲಿ ಒಂದು ಎಣ್ಣೆಯ ಉಂಗುರ, ಅದರ ಮೇಲೆ ಧೂಳು ಕೂತು ಕಪ್ಪು ಮಡ್ಡಿ. ಬೆರಳಿನಿಂದ ಒರೆಸಿದರೆ ಜಿಡ್ಡು ಹತ್ತುತ್ತದೆ. ಎಸಿಯೊಳಗೆ ಗ್ಯಾಸಿನ ಜೊತೆಗೆ ಎಣ್ಣೆಯೂ ಸುತ್ತುತ್ತದೆ. ಗ್ಯಾಸ್ ಹೋದರೆ ಕಣ್ಣಿಗೆ ಕಾಣುವುದಿಲ್ಲ, ಎಣ್ಣೆ ಗುರುತು ಬಿಟ್ಟು ಹೋಗುತ್ತದೆ. ಸಾವಿರಾರು ರೂಪಾಯಿಯ ಲೀಕ್ ಡಿಟೆಕ್ಟರ್ ತೆಗೆಯುವ ಮೊದಲು ಒಂದು ಟಾರ್ಚು, ಒಂದು ಬಿಳಿ ಬಟ್ಟೆ ಹಿಡಿದು ಕಾರಿನ ಕೆಳಗೆ ಮಲಗಿ ಅಂತ ನಾನು ಹೇಳುವುದು ಇದಕ್ಕೇ.

ನನ್ನ ಮಟ್ಟಿಗೆ ಹೋಸು ವಿಷಯದಲ್ಲಿ ಚರ್ಚೆಗೇ ಜಾಗವಿಲ್ಲ. ಎಲ್ಲವನ್ನೂ ಬದಲಿಸಿ. ಹಳೆಯ ಲೋಹದ ಫಿಟ್ಟಿಂಗುಗಳನ್ನು ಉಳಿಸಿಕೊಂಡು ಹೊಸ ಬ್ಯಾರಿಯರ್ ಹೋಸು ಕಚ್ಚಿಸಿಕೊಡುವವರು ಇದ್ದಾರೆ, ಅಳತೆಗೆ ತಕ್ಕ ಸಿದ್ಧ ಹೋಸುಗಳೂ ಸಿಗುತ್ತವೆ. ಪ್ರತಿ ಕೀಲಿನ ಓ-ರಿಂಗೂ ಹೊಸದಾಗಬೇಕು, ಎಸಿಗೆಂದೇ ಮಾಡಿದ ಹಸಿರು ಬಣ್ಣದ್ದು, ಹಾಕುವಾಗ ಒಂದು ಹನಿ ಎಸಿ ಎಣ್ಣೆ ಸವರಿ. "ಕಾರ್ಖಾನೆಯ ಹೋಸು, ಅದರ ಮೇಲಿನ ಅಕ್ಷರ ಕೂಡ ಅಳಿಸಿಲ್ಲ, ಹೇಗೆ ತೆಗೆಯಲಿ" ಅಂತ ಕೊರಗುವವರನ್ನು ಕಂಡಿದ್ದೇನೆ. ಅವರೇ ಕಾರಿನ ಟೈರು ಎಷ್ಟು ಸಲ ಬದಲಿಸಿದ್ದಾರೆ? ರಬ್ಬರು ರಬ್ಬರೇ.

ಸೋರುವ ಇನ್ನೊಂದು ಜಾಗ ಕಂಪ್ರೆಸರಿನ ಶಾಫ್ಟ್ ಸೀಲ್, ಅಂದರೆ ತಿರುಗುವ ದಂಡದ ಸುತ್ತ ಗ್ಯಾಸ್ ತಡೆಯುವ ಬಳೆ. 3.2 ಕರೇರಾಗೆ ಬಂದದ್ದು ನಿಪ್ಪಾನ್‌ಡೆನ್ಸೋದ ಹತ್ತು ಸಿಲಿಂಡರಿನ ಕಂಪ್ರೆಸರ್, ನುಣುಪಾಗಿ ತಿರುಗುತ್ತದೆ, ಗಟ್ಟಿಮುಟ್ಟು. ಅದಕ್ಕೂ ಹಿಂದಿನ 911 ಎಸ್‌ಸಿ ಕಾಲದ್ದು ಯಾರ್ಕ್, ಎರಡು ಪಿಸ್ಟನ್ನಿನದು. ಕ್ಲಚ್ ಹಿಡಿದ ಕೂಡಲೇ ಕಾರಿಡೀ ಒಮ್ಮೆ ನಡುಗುತ್ತದೆ. ಯಾರ್ಕ್ ತೆಗೆದು ಹೊಸ ಬಗೆಯ ರೋಟರಿ ಕಂಪ್ರೆಸರ್ ಕೂರಿಸಲು ಬ್ರಾಕೆಟ್ ಸಿಗುತ್ತದೆ. ನಾನಾದರೆ ಹಾಗೆಯೇ ಮಾಡುತ್ತೇನೆ. ಕಂಪ್ರೆಸರಿನ ಬಗ್ಗೆ ಇಷ್ಟು ಸಾಕು. ನಾನು ಕಂಡ ಗಾಡಿಗಳಲ್ಲಿ ಕಂಪ್ರೆಸರ್ ಕೆಟ್ಟಿದ್ದು ಕಡಿಮೆ, ಅದರ ತಲೆಗೆ ತಪ್ಪು ಕಟ್ಟಿದ್ದು ಹೆಚ್ಚು.

ಇಲ್ಲಿ ಗ್ಯಾಸಿನ ಕಥೆ ಸ್ವಲ್ಪ ಹೇಳಬೇಕು. ಮೊದಲ ಕಾಲದ ಫ್ರಿಜ್ಜುಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಬಳಸುತ್ತಿದ್ದರು. ಸೋರಿದರೆ ಜನ ಸಾಯುತ್ತಿದ್ದರು. 1920ರ ದಶಕದ ಕೊನೆಯಲ್ಲಿ ಜನರಲ್ ಮೋಟಾರ್ಸಿನ ಥಾಮಸ್ ಮಿಜ್ಲಿ ಮತ್ತು ಅವನ ಜೊತೆಗಾರರು ವಿಷವಲ್ಲದ, ಬೆಂಕಿ ಹಿಡಿಯದ ಆರ್-12 ಅನ್ನು ಮುಂದೆ ತಂದರು. ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯವೂ ಇದೇ ಮಿಜ್ಲಿಯದು. ಒಬ್ಬನೇ ಮನುಷ್ಯನ ಎರಡು ಜಾಣತನ, ಎರಡರ ಸಾಲವನ್ನೂ ಮುಂದಿನ ಪೀಳಿಗೆ ತೀರಿಸಿತು. 1974ರಲ್ಲಿ ಮೊಲಿನಾ ಮತ್ತು ರೋಲಂಡ್ ಈ ಬಗೆಯ ಅನಿಲಗಳು ಮೇಲೇರಿ ಓಝೋನ್ ಪದರವನ್ನು ತಿನ್ನುತ್ತವೆ ಎಂದು ತೋರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ಓಝೋನ್ ಕುಸಿತದ ವರದಿ ಬಂತು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ಅಮೆರಿಕದಲ್ಲಿ ಆರ್-12 ತಯಾರಿಕೆ 1995ರ ಕೊನೆಗೆ ನಿಂತಿತು. ಭಾರತದಂಥ ದೇಶಗಳಿಗೆ 2010ರವರೆಗೆ ಗಡುವಿತ್ತು.

ತಯಾರಿಕೆ ನಿಂತಿತು, ಬಳಕೆ ಅಪರಾಧವಾಗಲಿಲ್ಲ. ಹಳೆಯ ದಾಸ್ತಾನು, ಶುದ್ಧಮಾಡಿದ ಗ್ಯಾಸ್ ಈಗಲೂ ಸಿಗುತ್ತದೆ, ದುಬಾರಿ. ಕೊಳ್ಳಲು ಇಲ್ಲಿ ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆದಿರಬೇಕು. ಇರುವ ಗ್ಯಾಸನ್ನು ಗಾಳಿಗೆ ಬಿಡುವುದು ಕಾನೂನಿಗೆ ವಿರುದ್ಧ, ಮೆಷಿನ್ನಿನಲ್ಲಿ ಹಿಡಿದೇ ತೆಗೆಯಬೇಕು.

ಆರ್-134ಎಗೆ ಬದಲಾಯಿಸೋಣ ಅಂದರೆ, ಅದು ಬಾಟಲಿ ಬದಲಿಸುವಷ್ಟು ಸಲೀಸಲ್ಲ. ಹಳೆಯ ಮಿನರಲ್ ಎಣ್ಣೆ ಹೊಸ ಗ್ಯಾಸಿನಲ್ಲಿ ಕರಗುವುದಿಲ್ಲ. ಕರಗದಿದ್ದರೆ ಗ್ಯಾಸಿನ ಜೊತೆ ಸುತ್ತಿ ಕಂಪ್ರೆಸರಿಗೆ ವಾಪಸ್ ಬರುವುದಿಲ್ಲ, ಕಂಪ್ರೆಸರ್ ಒಣಗಿ ಹಿಡಿದುಕೊಳ್ಳುತ್ತದೆ. ಪಿಎಜಿ ಅಥವಾ ಎಸ್ಟರ್ ಎಣ್ಣೆ ಬೇಕು, ಹಳೆಯದನ್ನು ತೊಳೆದು ತೆಗೆಯಬೇಕು. ಡ್ರೈಯರಿನೊಳಗಿನ ನೀರು ಹೀರುವ ಕಾಳು ಹೊಸ ಗ್ಯಾಸಿಗೆ ಒಗ್ಗುವಂಥದ್ದಾಗಿರಬೇಕು. ಗ್ಯಾಸ್ ತುಂಬುವ ಬಾಯಿಗಳೂ ಬೇರೆ ಆಕಾರದವು, ಅವನ್ನು ಹಾಕಿ, ಯಾವ ಗ್ಯಾಸ್ ಅಂತ ಚೀಟಿ ಅಂಟಿಸಬೇಕು. ಇದು ನಿಯಮ ಅನ್ನುವುದಕ್ಕಿಂತ ಮುಂದೆ ಕೈ ಹಾಕುವ ಮೆಕ್ಯಾನಿಕ್ ಮೇಲಿನ ಕರುಣೆ.

ಒತ್ತಡದ ಲೆಕ್ಕ ನೋಡಿ, ಇದು ಮುಖ್ಯ. ಕೂಲಿಂಗ್ ಕಾಯಿಲ್ ಸೊನ್ನೆ ಡಿಗ್ರಿಯಲ್ಲಿದ್ದಾಗ ಆರ್-12ರ ಒತ್ತಡ ಗೇಜಿನಲ್ಲಿ ಸುಮಾರು 30 ಪಿಎಸ್‌ಐ, 134ಎಯದು 28. ಹತ್ತಿರ ಹತ್ತಿರ ಒಂದೇ. ಈಗ ಕಂಡೆನ್ಸರ್ ಕಡೆ ಬನ್ನಿ. ಗ್ಯಾಸ್ 60 ಡಿಗ್ರಿಯಲ್ಲಿ ದ್ರವವಾಗುತ್ತಿದ್ದರೆ ಆರ್-12ಗೆ ಸುಮಾರು 206, 134ಎಗೆ 229. ಬಿಸಿಲಲ್ಲಿ, ಟ್ರಾಫಿಕ್ಕಿನಲ್ಲಿ ನಿಂತು ಕಂಡೆನ್ಸರ್ 70 ಡಿಗ್ರಿಗೆ ಏರಿದರೆ ಒಂದಕ್ಕೆ 259, ಇನ್ನೊಂದಕ್ಕೆ 292. ಅಂದರೆ ಕಂಡೆನ್ಸರ್ ಚೆನ್ನಾಗಿದ್ದರೆ ಎರಡು ಗ್ಯಾಸಿಗೂ ಹೆಚ್ಚು ಭೇದವಿಲ್ಲ. ಕಂಡೆನ್ಸರ್ ಸೋತಷ್ಟೂ 134ಎ ದಂಡ ಜಾಸ್ತಿ ಹಾಕುತ್ತದೆ. "ಹೊಸ ಗ್ಯಾಸ್ ಹಾಕಿಸಿದ ಮೇಲೆ ತಂಪೇ ಇಲ್ಲ, ಆರ್-12 ಕಾಲವೇ ಚೆನ್ನಾಗಿತ್ತು" ಅನ್ನುವವರ ಗೋಳಿಗೆ ಕಾರಣ ಇದು. ದೋಷ ಗ್ಯಾಸಿನದಲ್ಲ. ಮೊದಲೇ ಏದುಸಿರು ಬಿಡುತ್ತಿದ್ದ ಕಂಡೆನ್ಸರಿನ ಮೇಲೆ ಇನ್ನಷ್ಟು ಹೊರೆ ಬಿತ್ತು, ಅಷ್ಟೇ.

911ರ ಕಂಡೆನ್ಸರುಗಳು ಏದುಸಿರು ಬಿಡುವುದು ಯಾಕೆ? ಎಂಜಿನ್ ಮುಚ್ಚಳದ್ದಕ್ಕೆ ಸ್ವಂತ ಫ್ಯಾನ್ ಇಲ್ಲ. ಎಂಜಿನ್ ತಂಪಾಗಿಸುವ ದೊಡ್ಡ ಫ್ಯಾನೇ ಜಾಲರಿಯ ಮೂಲಕ ಗಾಳಿ ಎಳೆಯುವಾಗ ದಾರಿಯಲ್ಲಿ ಇದನ್ನೂ ತಣಿಸುತ್ತದೆ. ಎಂಜಿನ್ ಜೋರಾಗಿ ತಿರುಗುವಾಗ ಸೊಗಸು. ಸಿಗ್ನಲ್ಲಿನಲ್ಲಿ ನಿಂತಾಗ ಫ್ಯಾನ್ ಮೆಲ್ಲಗೆ, ಕೆಳಗಿನಿಂದ ಎಂಜಿನ್ನಿನ ಕಾವು ಮೇಲಕ್ಕೆ. ನಮಗೆ ತಂಪು ಹೆಚ್ಚು ಬೇಕಾದ ಹೊತ್ತಿನಲ್ಲೇ ಅದು ಸೋಲುತ್ತದೆ. ಅದು ಕಕ್ಕಿದ ಬಿಸಿ ಗಾಳಿಯನ್ನೇ ಎಂಜಿನ್ ಕುಡಿಯುತ್ತದೆ ಎಂಬುದು ಬೇರೆ ಮಾತು. ಮುಂದಿನದಕ್ಕೆ ಎಲೆಕ್ಟ್ರಿಕ್ ಫ್ಯಾನ್ ಇದೆ. ಆದರೆ ಅದು ಮೂತಿಯ ಕೆಳಗೆ ಅಡಗಿ ಕೂತಿದೆ, ಎದುರಿನ ಗಾಳಿ ನೇರ ಬಡಿಯುವ ಜಾಗದಲ್ಲಿಲ್ಲ. ರಸ್ತೆಯ ಧೂಳು, ಎಲೆ, ಸತ್ತ ಹುಳ ಎಲ್ಲ ಅಲ್ಲಿ ಸೇರುತ್ತವೆ. ಅದರ ಫ್ಯಾನ್ ತಿರುಗುತ್ತಿಲ್ಲ ಎಂಬುದು ವರ್ಷಗಟ್ಟಲೆ ಮಾಲೀಕರಿಗೆ ಗೊತ್ತೇ ಇರುವುದಿಲ್ಲ, ಕಾಣುವ ಜಾಗದಲ್ಲಿದ್ದರೆ ತಾನೆ? ಎಸಿ ಹಾಕಿ, ಬಗ್ಗಿ, ಕೈ ಒಡ್ಡಿ ನೋಡಿ. ಐದು ನಿಮಿಷದ ಕೆಲಸ.

ಆ ಎರಡೂ ಹಳೆಯ ಕಾಲದ ಕೊಳವೆ ಮತ್ತು ರೆಕ್ಕೆಯ ಕಂಡೆನ್ಸರುಗಳು. ಅದೇ ಅಳತೆಯಲ್ಲಿ ಈಗ ಪ್ಯಾರಲಲ್ ಫ್ಲೋ ಬಗೆಯವು ಸಿಗುತ್ತವೆ. ಚಪ್ಪಟೆ ಕೊಳವೆ, ಅದರೊಳಗೆ ಕೂದಲೆಳೆಯಂಥ ಕಾಲುವೆಗಳು. ಅಷ್ಟೇ ಜಾಗದಲ್ಲಿ ಹೆಚ್ಚು ಬಿಸಿ ಹೊರಹಾಕುತ್ತವೆ. ಅದೂ ಸಾಲದೆಂದು ಹಿಂದಿನ ಚಕ್ರದ ಗೂಡಿನೊಳಗೆ ಸ್ವಂತ ಫ್ಯಾನ್ ಇರುವ ಮೂರನೇ ಕಂಡೆನ್ಸರ್ ಕೂರಿಸುವವರಿದ್ದಾರೆ. ಹೊರಗಿನಿಂದ ಕಾಣುವುದಿಲ್ಲ, ಮುಂದೆ ಬೇಡವೆಂದರೆ ಬಿಚ್ಚಬಹುದು, ಒಂದು ತೂತೂ ಕೊರೆಯಬೇಕಿಲ್ಲದಂತೆ ಮಾಡಬಹುದು. ಫೀನಿಕ್ಸಿನಲ್ಲಿ ಓಡಿಸುವವರಿಗೆ ಇದು ಬೇಕೇ ಬೇಕು ಅನ್ನುತ್ತೇನೆ. ಒಂದು ಪ್ರೆಶರ್ ಸ್ವಿಚ್ಚನ್ನೂ ಸೇರಿಸಿ. ಒತ್ತಡ ಮಿತಿ ಮೀರಿದರೆ, ಇಲ್ಲವೇ ಗ್ಯಾಸ್ ಸೋರಿ ತೀರಾ ಇಳಿದರೆ, ಕಂಪ್ರೆಸರ್ ತಾನೇ ನಿಲ್ಲುತ್ತದೆ.

ಇನ್ನು ಮುಂದಿನ ಡಿಕ್ಕಿ. ಕಾರ್ಪೆಟ್ ಎತ್ತಿ, ಹಿಂಭಾಗದ ಮುಚ್ಚಳ ತೆಗೆದರೆ ಕಪ್ಪು ಪ್ಲಾಸ್ಟಿಕ್ಕಿನ ಪೆಟ್ಟಿಗೆ ಕಾಣುತ್ತದೆ, ಅದಕ್ಕೆ ಬ್ಲೋವರ್ ತಗುಲಿಕೊಂಡಿದೆ. ಅದರ ಎರಡು ಹೋಳು ಬಿಡಿಸಿದಾಗ ಒಳಗೆ ಏನಿರುತ್ತದೆ ಗೊತ್ತೇ? ಪೆಟ್ಟಿಗೆಯ ಅಂಚಿಗೆ ಅಂಟಿಸಿದ್ದ ಸ್ಪಂಜು ಪುಡಿಪುಡಿಯಾಗಿ, ಕಾಯಿಲಿನ ರೆಕ್ಕೆಗಳ ನಡುವೆ ಕಪ್ಪು ಹಿಟ್ಟಿನಂತೆ ಮೆತ್ತಿಕೊಂಡಿರುತ್ತದೆ. ಅದರ ಮೇಲೆ ಕೂದಲು, ನೂಲು, ಒಣಗಿದ ಎಲೆಯ ನಾರು. ಗಾಳಿ ಬರುವ ಬದಿಯಲ್ಲಿ ಕಂಬಳಿ ಹೊದಿಸಿದ ಹಾಗೆ ಪದರ ಕಟ್ಟಿರುತ್ತದೆ. ಕಾಯಿಲ್ ತಣ್ಣಗೇ ಇದೆ, ಮಂಜುಗಡ್ಡೆ ಕಟ್ಟುವಷ್ಟು ತಣ್ಣಗಿದೆ, ಗಾಳಿ ಮಾತ್ರ ಅದರೊಳಗೆ ದಾಟುತ್ತಿಲ್ಲ. ಒಳಗೆ ಕೂತವರು "ಗ್ಯಾಸ್ ಇಲ್ಲ" ಅನ್ನುತ್ತಿರುತ್ತಾರೆ! ಸೋಪಿನ ನೀರಿನಲ್ಲಿ ನೆನೆಸಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಬಾಗಿದ ರೆಕ್ಕೆಗಳನ್ನು ಬಾಚಣಿಗೆಯಂಥ ಹತ್ಯಾರದಿಂದ ನೆಟ್ಟಗೆ ಮಾಡಿ. ಅಂಚಿಗೆ ಹೊಸ ಸ್ಪಂಜು ಅಂಟಿಸಿ, ಇಲ್ಲದಿದ್ದರೆ ಗಾಳಿ ಕಾಯಿಲನ್ನು ತಪ್ಪಿಸಿ ಪಕ್ಕದಿಂದ ನುಗ್ಗುತ್ತದೆ. ನೀರು ಹೊರಹೋಗುವ ಕೊಳವೆಗೆ ತಂತಿ ತೂರಿಸಿ ನೋಡಿ. ಅದು ಕಟ್ಟಿಕೊಂಡರೆ ನೀರು ತಗಡಿನ ಮೇಲೆ ನಿಂತು ತುಕ್ಕು.

ಪೆಟ್ಟಿಗೆ ಬಿಚ್ಚಿದಾಗಲೇ ಎಕ್ಸ್‌ಪಾನ್ಷನ್ ವಾಲ್ವ್ ಹೊಸದು ಹಾಕಿಬಿಡಿ. ಅದರಿಂದ ಹೊರಟ ತಾಮ್ರದ ಎಳೆಯ ತುದಿಯಲ್ಲಿ ಒಂದು ಗುಂಡು ಇರುತ್ತದೆ. ಅದು ಕಾಯಿಲಿನಿಂದ ಹೊರಬರುವ ಪೈಪಿಗೆ ಬಿಗಿಯಾಗಿ ಅಂಟಿಕೊಂಡು, ಮೇಲೆ ಟೇಪು ಸುತ್ತಿರಬೇಕು. ಪೈಪು ಎಷ್ಟು ತಣ್ಣಗಿದೆ ಎಂದು ತಿಳಿದೇ ವಾಲ್ವ್ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಗುಂಡು ಸಡಿಲವಾದರೆ ಅದಕ್ಕೆ ಸುತ್ತಲಿನ ಗಾಳಿಯ ಬಿಸಿ ಗೊತ್ತಾಗುತ್ತದೆ, ವಾಲ್ವ್ ದಾರಿ ತಪ್ಪುತ್ತದೆ. ಥರ್ಮೋಸ್ಟಾಟಿನ ತೆಳು ಎಳೆಯೂ ರೆಕ್ಕೆಗಳ ನಡುವೆ ಇದ್ದ ಜಾಗಕ್ಕೇ ಹೋಗಬೇಕು, ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಒಳಗೆ ಸೆಖೆ ಅನ್ನುವವರು ಒಂದು ಕಡೆ ನೋಡಿರುವುದಿಲ್ಲ. ಈ ಕಾರಿನ ಹೀಟರಿಗೆ ಬಿಸಿ ನೀರಿಲ್ಲ. ಎಕ್ಸಾಸ್ಟ್ ಕೊಳವೆಗಳ ಸುತ್ತ ಹೊದಿಕೆ ಮಾಡಿ, ಅಲ್ಲಿ ಕಾದ ಗಾಳಿಯನ್ನು ಒಳಕ್ಕೆ ಕಳಿಸುತ್ತಾರೆ. ಬೇಡವಾದಾಗ ಆ ಗಾಳಿಯನ್ನು ಹೊರಕ್ಕೆ ತಿರುಗಿಸಲು ಕಾರಿನಡಿ ಎರಡು ಕಡೆ ಕವಾಟಗಳಿವೆ. ವರ್ಷಗಳಾದ ಮೇಲೆ ಅವು ತುಕ್ಕು ಹಿಡಿದು, ಕೇಬಲ್ ಸಡಿಲಾಗಿ, ಪೂರ್ತಿ ಮುಚ್ಚುವುದಿಲ್ಲ. ಆಗ ಒಂದು ಕಡೆಯಿಂದ ಎಸಿ, ಇನ್ನೊಂದು ಕಡೆಯಿಂದ ಎಂಜಿನ್ನಿನ ಬಿಸಿ, ಇಬ್ಬರ ಜಗಳದ ನಡುವೆ ನಿಮ್ಮ ಕಾಲು. ಎಸಿಗೆ ಒಂದು ಡಾಲರ್ ಸುರಿಯುವ ಮೊದಲು ಎಸಿ ಆರಿಸಿ, ಹೀಟರ್ ಮುಚ್ಚಿ, ಅರ್ಧ ಗಂಟೆ ಓಡಿಸಿ, ಕಾಲ ಬಳಿ ಮತ್ತು ಗಾಜಿನ ಕೆಳಗಿನ ಕಿಂಡಿಗಳ ಬಳಿ ಕೈ ಇಡಿ. ಬಿಸಿ ಗಾಳಿ ಬಂದರೆ ಕೆಲಸ ಅಲ್ಲಿಂದ ಶುರು. ಹೊರಗಾಳಿಯ ಕಡ್ಡಿಯನ್ನೂ ಮುಚ್ಚಿಡಿ. ಈ ಎಸಿ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಣಿಸುವಂಥದ್ದು.

ಈಗ ಕಡೆಯ ಹಂತಕ್ಕೆ ಬಂದೆವು. ಗ್ಯಾಸಿಗೆ ಮುಂಚೆ ನೈಟ್ರೋಜನ್ ತುಂಬಿ ಒತ್ತಡದಲ್ಲಿ ನಿಲ್ಲಿಸಿ, ಕೀಲು ಕೀಲಿಗೂ ಸೋಪಿನ ನೀರು ಹಚ್ಚಿ. ನಂತರ ವ್ಯಾಕ್ಯೂಮ್ ಪಂಪ್. ಗಾಳಿ ಎಳೆಯುವುದು ಅದರ ಅರ್ಧ ಕೆಲಸ, ಒಳಗಿನ ತೇವ ಒಣಗಿಸುವುದು ಇನ್ನರ್ಧ. ಒತ್ತಡ ಇಳಿದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಪಾದರಸದ ಲೆಕ್ಕದಲ್ಲಿ 24 ಮಿಲಿಮೀಟರಿಗೆ ಇಳಿಸಿದರೆ 25 ಡಿಗ್ರಿಯಲ್ಲೇ ಕುದಿದು ಆವಿಯಾಗಿ ಪಂಪಿನಿಂದ ಹೊರಹೋಗುತ್ತದೆ. ನಾವು ಅದಕ್ಕಿಂತ ಬಹಳ ಕೆಳಗೆ, ಅರ್ಧ ಮಿಲಿಮೀಟರ್ ಅಂದರೆ 500 ಮೈಕ್ರಾನ್ ಹತ್ತಿರಕ್ಕೆ ಹೋಗುತ್ತೇವೆ. ಮಾಮೂಲಿ ಗೇಜಿನ ಮುಳ್ಳು ಈ ಕೊನೆಯ ಭಾಗದ ವ್ಯತ್ಯಾಸ ತೋರಿಸುವುದಿಲ್ಲ, ಮೈಕ್ರಾನ್ ಗೇಜ್ ಬೇಕು. ಪಂಪ್ ನಿಲ್ಲಿಸಿ ಕಾಯಿರಿ. ಅಂಕಿ ಸ್ವಲ್ಪ ಏರಿ ನಿಂತುಬಿಟ್ಟರೆ ಒಳಗೆ ತೇವ ಉಳಿದಿದೆ. ನಿಲ್ಲದೆ ಏರುತ್ತಲೇ ಹೋದರೆ ಲೀಕ್. ತೇವ ಉಳಿದರೆ ವಾಲ್ವಿನ ರಂಧ್ರದಲ್ಲಿ ಹೆಪ್ಪುಗಟ್ಟುತ್ತದೆ, ಗ್ಯಾಸ್ ಮತ್ತು ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಒಳಗಿನಿಂದ ತಿನ್ನುತ್ತದೆ. ಹೊಸ ಡ್ರೈಯರನ್ನು ಕೊನೆಯವರೆಗೆ ಬಿರಡೆ ಬಿಚ್ಚದೆ ಇಡಬೇಕೆನ್ನುವುದು ಇದಕ್ಕೇ.

ಗ್ಯಾಸ್ ತೂಕ ಮಾಡಿ ಹಾಕಿ. 134ಎ ಆದರೆ ಹಳೆಯ ಆರ್-12 ತೂಕದ 80ರಿಂದ 85 ಪರ್ಸೆಂಟಿನಿಂದ ಶುರು ಮಾಡಿ, ಗೇಜು ಮತ್ತು ಕಿಂಡಿಯ ಥರ್ಮಾಮೀಟರ್ ನೋಡುತ್ತಾ ಹೊಂದಿಸಿಕೊಳ್ಳುವುದು ವಾಡಿಕೆ. ಕಂಡೆನ್ಸರ್ ಬದಲಿಸಿದ್ದರೆ ಆ ಲೆಕ್ಕವೂ ಬದಲಾಗುತ್ತದೆ. ಡ್ರೈಯರಿನ ಗಾಜಿನ ಕಣ್ಣಿನಲ್ಲಿ ಗುಳ್ಳೆ ಹೋಗುವವರೆಗೆ ತುಂಬುವುದು ಆರ್-12 ಕಾಲದ ಅಭ್ಯಾಸ. 134ಎಯಲ್ಲಿ ಸರಿಯಾಗಿ ತುಂಬಿದಾಗಲೂ ಮಸುಕು ಕಾಣಬಹುದು, ಅದನ್ನು ನಂಬಿದವರು ಹೆಚ್ಚು ತುಂಬಿ ಕೆಡಿಸುತ್ತಾರೆ.

ಪ್ರಶ್ನೆಗಳಿಗೆ ಬರೋಣ.

"ಸರ್, ಮೂಲದಲ್ಲಿ ಇದ್ದ ಹಾಗೇ ಉಳಿಸಿಕೊಂಡರೆ ಬೆಲೆ ಹೆಚ್ಚಲ್ಲವೇ? ನೀವು ಎಲ್ಲ ಬದಲಿಸಿ ಅಂತೀರಿ."

ಕಡಿಮೆ ಓಡಿದ, ಸ್ಪರ್ಧೆಗೆ ನಿಲ್ಲಿಸುವಂಥ ಕಾರಾದರೆ ಹಳೆಯ ಕಂಡೆನ್ಸರ್, ಆರ್-12 ಎಲ್ಲ ಇಟ್ಟುಕೊಳ್ಳಿ, ಹೋಸು ಮಾತ್ರ ಬದಲಿಸಿ. ಓಡಿಸುವ ಕಾರಾದರೆ ನನ್ನ ಗೆರೆ ಇದು: ಕೈ ಮುಟ್ಟುವುದು, ಕಣ್ಣಿಗೆ ಕಾಣುವುದು ಕಾರ್ಖಾನೆಯದ್ದೇ ಇರಲಿ. ಗುಂಡಿ, ಕಿಂಡಿ, ಬ್ಲೋವರಿನ ಸದ್ದು ಕೂಡ. ಮೂತಿಯಡಿ, ಚಕ್ರದ ಗೂಡಿನಲ್ಲಿ ಇರುವುದು ಈ ಕಾಲದ್ದಾಗಲಿ. ಬಿಚ್ಚಿದ ಹಳೆಯ ಭಾಗಗಳಿಗೆ ಚೀಟಿ ಕಟ್ಟಿ ಡಬ್ಬದಲ್ಲಿಡಿ, ಕಾರಿನ ಜೊತೆಗೇ ಮುಂದಿನವರಿಗೆ ಹೋಗಲಿ.

"ಅಣ್ಣಾ, ಯೂಟ್ಯೂಬಿನಲ್ಲಿ ಒಬ್ಬರು ಪ್ರೊಪೇನ್ ಬೆರೆಸಿದ ಗ್ಯಾಸ್ ಹಾಕಿ ಐಸ್ ಆಗತ್ತೆ ಅಂತಾರಲ್ಲ?"

ತಣ್ಣಗಾಗುವುದು ನಿಜ. ಆದರೆ 911ರ ಪೆಟ್ರೋಲ್ ಟ್ಯಾಂಕು ಮುಂದಿದೆ. ಅದರ ಒಂದು ಪಕ್ಕಕ್ಕೆ ಕಂಡೆನ್ಸರ್, ಇನ್ನೊಂದು ಪಕ್ಕಕ್ಕೆ ಕೂಲಿಂಗ್ ಕಾಯಿಲ್, ಕಾಯಿಲ್ ಸೋರಿದರೆ ಗ್ಯಾಸ್ ಬರುವುದು ನೀವು ಕೂತಲ್ಲಿಗೆ. ಆರ್-12 ಕಾರಿಗೆ ಉರಿಯುವ ಗ್ಯಾಸ್ ಹಾಕಲು ಇಲ್ಲಿ ಅನುಮತಿಯೂ ಇಲ್ಲ. ಬೇಡಪ್ಪಾ.

"ಬೆಂಗಳೂರಿನಲ್ಲಿ ನಮ್ಮ ತಂದೆಯವರ 80ರ ದಶಕದ ಕಾರಿದೆ, ಸ್ಪೋರ್ಟ್ಸ್ ಕಾರೇನಲ್ಲ. ಇದೇ ಕ್ರಮ ನಡೆಯತ್ತಾ?"

ಇನ್ನೂ ಸುಲಭವಾಗಿ ನಡೆಯತ್ತೆ. ಎಲ್ಲ ಒಂದೇ ಬಾನೆಟ್ಟಿನಡಿ ಇದೆ, ಹೋಸು ಗಿಡ್ಡ. ರೇಡಿಯೇಟರ್ ಮುಂದಿನ ಕಂಡೆನ್ಸರ್ ಬದಲಿಸುವುದು ಸಲೀಸು. ಹೋಸು, ಓ-ರಿಂಗ್, ಡ್ರೈಯರ್, ಎಣ್ಣೆ ಈ ನಾಲ್ಕನ್ನು ಬಿಡಬೇಡಿ ಅಂತ ತಂದೆಯವರ ಮೆಕ್ಯಾನಿಕ್‌ಗೆ ಹೇಳಿ. ವ್ಯಾಕ್ಯೂಮ್ ಎಷ್ಟು ಹೊತ್ತು ಎಳೆದರು ಅಂತ ಪಕ್ಕದಲ್ಲೇ ನಿಂತು ನೋಡಲು ಹೇಳಿ. ಕಾಲು ಗಂಟೆಯಲ್ಲಿ ಮುಗಿಸಿ ಗ್ಯಾಸ್ ತುಂಬುವವರ ಕೈಗೆ ಕೊಡಬೇಡಿ.

"ಚಳಿಗಾಲದಲ್ಲಿ ಎಸಿ ಆನ್ ಮಾಡಬೇಕಾ? ಮುಟ್ಟದೆ ಇಟ್ಟರೆ ಒಳ್ಳೆಯದಲ್ಲವಾ?"

ಮುಟ್ಟದೆ ಇಟ್ಟರೆ ಕೆಡುತ್ತದೆ. ಶಾಫ್ಟ್ ಸೀಲಿಗೆ ಎಣ್ಣೆ ಸಿಗುವುದು ಕಂಪ್ರೆಸರ್ ತಿರುಗಿದಾಗ ಮಾತ್ರ. ತಿಂಗಳುಗಟ್ಟಲೆ ನಿಂತರೆ ಸೀಲ್ ಒಣಗಿ ಅಲ್ಲಿಂದಲೇ ಸೋರಲು ಶುರು. ತಿಂಗಳಿಗೆ ಎರಡು ಸಲ, ಎಂಜಿನ್ ಬಿಸಿಯಾದ ಮೇಲೆ, ಹತ್ತು ನಿಮಿಷ ಹಾಕಿ. ಗ್ಯಾರೇಜ್ ತೀರಾ ತಣ್ಣಗಿದ್ದರೆ ಥರ್ಮೋಸ್ಟಾಟ್ ಕ್ಲಚ್ಚನ್ನು ಹಿಡಿಯಲು ಬಿಡುವುದಿಲ್ಲ. ಹಾಗಾಗಿ ಮಧ್ಯಾಹ್ನ, ಬಿಸಿಲು ಬಿದ್ದ ಮೇಲೆ ಕಾರು ತೆಗೆಯಿರಿ.